ದೋಷ ನಲವತ್ತೊಂದು

ಬೆಟಗೇರಿಯ ಡಯಾಲಿಸಿಸ್ ಕೇಂದ್ರದಲ್ಲಿ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಕರೆಂಟು ಹೋಯಿತು. ಕರೆಂಟು ಹೋಗುವುದು ಅಲ್ಲಿ ಹೊಸದಾಗಿರಲಿಲ್ಲ. ಆದರೆ ಅಂದು ಯುಪಿಎಸ್ಸೂ ಕೈಕೊಟ್ಟಿತು. ನೀರಿನ ಕೋಣೆಯ ಮೂಲೆಯಲ್ಲಿ ನಾಲ್ಕು ವರ್ಷದಿಂದ ಒಂದು ಕ್ಷಣವೂ ನಿಲ್ಲದೆ ನಡೆಯುತ್ತಿದ್ದ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರು ಸದ್ದಡಗಿ ಕಪ್ಪಾಯಿತು.

ಜನರೇಟರ್ ಶುರುವಾದ ಮೇಲೆ ನರ್ಸು ಕಂಪ್ಯೂಟರಿನ ಗುಂಡಿ ಒತ್ತಿದಳು. ಒಳಗಿನ ಫ್ಯಾನು ತಿರುಗಿತು. ಸಣ್ಣದೊಂದು ಬೀಪ್ ಕೇಳಿಸಿತು. ನಂತರ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು: ‘ದೋಷ ೪೧. ಮದರ್‌ಬೋರ್ಡ್ ಕೆಟ್ಟಿದೆ. ಈ ಯಂತ್ರ ಇನ್ನು ಆರಂಭವಾಗುವುದಿಲ್ಲ. ಪ್ರಾಧಿಕಾರಕ್ಕೆ ಒಪ್ಪಿಸಿ.’

ಕೇಂದ್ರದ ಡಾಕ್ಟರು ಶಬಾನಾ ನದಾಫ್ ಆ ಅಕ್ಷರಗಳನ್ನು ಎರಡು ಸಲ ಓದಿದರು. ಗದಗ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಜಾಸ್ತಿ, ಸುಣ್ಣ ಜಾಸ್ತಿ. ಡಯಾಲಿಸಿಸ್‌ಗೆ ಕೂತವರ ರಕ್ತ ತೆಳ್ಳನೆಯ ಪೊರೆಯೊಂದರ ಆಚೆಗೆ ನೂರಿಪ್ಪತ್ತು ಲೀಟರ್ ನೀರಿನ ಪಕ್ಕದಲ್ಲಿ ಹರಿದು ಶುದ್ಧವಾಗಬೇಕು. ಆ ನೀರಿನಲ್ಲಿ ಕಸರಿದ್ದರೆ ಅದು ನೇರ ರಕ್ತಕ್ಕೇ ಸೇರುತ್ತದೆ. ನೀರನ್ನು ಸೋಸುವ ಪಂಪು, ಸೋಸಿದ್ದನ್ನು ಪರೀಕ್ಷಿಸಿ ಒಳಗೆ ಬಿಡುವ ಕವಾಟ ಎಲ್ಲವೂ ಆ ಕಂಪ್ಯೂಟರಿನ ಹತೋಟಿಯಲ್ಲಿದ್ದವು. ಕೈಯಿಂದ ನಡೆಸುವ ಏರ್ಪಾಡು ಇರಲಿಲ್ಲ. ಆರು ಕುರ್ಚಿಗಳಲ್ಲಿ ಆಗ ಆರು ಜನ ಇದ್ದರು. ನರ್ಸುಗಳು ಒಬ್ಬೊಬ್ಬರ ಯಂತ್ರದ ಹಿಡಿಕೆಯನ್ನು ಕೈಯಿಂದ ತಿರುವಿ ಕೊಳವೆಯಲ್ಲಿದ್ದ ರಕ್ತವನ್ನು ಮೈಗೆ ವಾಪಸು ಕಳಿಸಿದರು. ನಾಲ್ಕು ತಾಸಿನ ಕೆಲಸ ಒಂದೇ ತಾಸಿಗೆ ನಿಂತಿತು.

ಆ ಹೊತ್ತಿಗೆ ಆರಂಭಾನುಮತಿ ಕಾಯ್ದೆ ಬಂದು ಒಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಯಾರೋ ಸಾವಿರಾರು ಹಳೆಯ ಕಂಪ್ಯೂಟರುಗಳೊಳಗೆ ನುಸುಳಿ, ಅವುಗಳ ಮೂಲಕ ದಕ್ಷಿಣದ ವಿದ್ಯುತ್ ಜಾಲವನ್ನೇ ಮೂರು ದಿನ ಕತ್ತಲಲ್ಲಿ ಕೆಡವಿದ್ದರು. ಆ ಭಯ ಆರುವ ಮುನ್ನವೇ ಕಾಯ್ದೆ ಬಂತು. ಅಂದಿನಿಂದ ಯಾವ ಕಂಪ್ಯೂಟರೂ ಗುಂಡಿ ಒತ್ತಿದ ಮಾತ್ರಕ್ಕೆ ಏಳುವಂತಿರಲಿಲ್ಲ. ಅದು ಮೊದಲು ನೆಟ್‌ವರ್ಕಿನ ಮೂಲಕ, ಕಾಯ್ದೆಗಾಗಿ ಹುಟ್ಟಿದ ಪ್ರಾಧಿಕಾರದ ಹುಬ್ಬಳ್ಳಿಯ ಅನುಮತಿ ಕೇಂದ್ರವನ್ನು ಕೇಳಬೇಕು. ಕೇಂದ್ರ ಹೂಂ ಅಂದರೆ ಪರದೆ ಹಸಿರಾಗಿ ಕೆಲಸ ಶುರು. ಕಂಪ್ಯೂಟರಿನ ಡಬ್ಬದ ತಿರುಪಿನ ಮೇಲೆ ಪ್ರಾಧಿಕಾರದ ಬೆಳ್ಳಿಬಣ್ಣದ ಮುದ್ರೆ ಇರುತ್ತಿತ್ತು. ಅದನ್ನು ಒಡೆದರೆ ಜೈಲು.

ಜನ ಇದಕ್ಕೂ ಒಗ್ಗಿಕೊಂಡರು. ಹಳೆಯ ಯಂತ್ರಗಳು ಆರಿಸಿದ ಮೇಲೆ ಮತ್ತೆ ಏಳದೆ ದೋಷ ನಲವತ್ತೊಂದು ತೋರಿಸಿ ಸಾಯುವುದನ್ನು ಕಂಡು, ಯಂತ್ರ ಆರಿಸುವುದನ್ನೇ ಬಿಟ್ಟರು. ಶಾಲೆಗಳಿಗೆ ಬೇಸಿಗೆ ರಜೆ ಬಂದರೂ ಆಫೀಸಿನ ಕಂಪ್ಯೂಟರು ಉರಿಯುತ್ತಲೇ ಇರುತ್ತಿತ್ತು. ಪ್ರಿಂಟಿಂಗ್ ಪ್ರೆಸ್ಸಿನವರು ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಕರೆಂಟು ಹೋದರೆ ಬ್ಯಾಟರಿ ನೋಡಿಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದರು.

ಮೂರನೆಯ ಕುರ್ಚಿಯಲ್ಲಿದ್ದ ಮೌನೇಶ ಬಡಿಗೇರ ಬಾಗಿಲು-ಚೌಕಟ್ಟು ಮಾಡುತ್ತಿದ್ದ ಕೆಲಸಗಾರ. ಅವನನ್ನು ಕರೆದೊಯ್ಯಲು ಹೆಂಡತಿ ಇಂದುಮತಿ ಬಂದಾಗ ಡಾಕ್ಟರು ಫೋನು ಕೆಳಗಿಡುತ್ತಿದ್ದರು. ಬದಲಿ ಯಂತ್ರ ಬರಲು ಒಂಬತ್ತು ದಿನ ಬೇಕೆಂದು ಪ್ರಾಧಿಕಾರದವರು ಹೇಳಿದ್ದರು. ಕೇಂದ್ರವನ್ನು ನಂಬಿದವರು ಇಪ್ಪತ್ತನಾಲ್ಕು ಜನ. ಹುಬ್ಬಳ್ಳಿಯಲ್ಲಿ ಐದು ಜನಕ್ಕೆ ಜಾಗ ಸಿಕ್ಕಿತ್ತು, ಅಷ್ಟೇ.

ಇಂದುಮತಿಗೆ ಐವತ್ತಾರು ವರ್ಷ. ಕಾಯ್ದೆ ಬರುವ ಮುಂಚೆ ಸ್ಟೇಷನ್ ರಸ್ತೆಯಲ್ಲಿ ಅವಳದು ಕಂಪ್ಯೂಟರ್ ರಿಪೇರಿ ಅಂಗಡಿ. ಆಮೇಲೆ ಅದೇ ಅಂಗಡಿಯಲ್ಲಿ ಬಲ್ಬು, ಚಾರ್ಜರು ಮಾರುತ್ತಿದ್ದಳು. ಅಭ್ಯಾಸ ಬಿಡಲಾಗದೆ ನೀರಿನ ಕೋಣೆಯ ಬಾಗಿಲಲ್ಲಿ ನಿಂತು, ಯಂತ್ರವನ್ನು ಇನ್ನೊಮ್ಮೆ ಚಾಲೂ ಮಾಡಿ ತೋರಿಸಲು ಕೇಳಿದಳು. ಡಾಕ್ಟರು ಗುಂಡಿ ಒತ್ತಿದರು. ಫ್ಯಾನು, ಬೀಪ್, ಕೆಂಪು ಅಕ್ಷರ. ಇಂದುಮತಿ ತಲೆ ಓರೆ ಮಾಡಿ, ಮತ್ತೊಮ್ಮೆ ಎಂದಳು. ಮತ್ತೂ ಅದೇ.

“ಒಂದ ಸಣ್ಣ ಬೀಪ್ ಅಂದ್ರ ಒಳಗ ಎಲ್ಲಾ ನೆಟ್ಟಗೈತಿ ಅಂತ ಅರ್ಥರೀ ಮೇಡಂ,” ಎಂದಳು. “ಬೋರ್ಡ್ ಸತ್ತಿದ್ರ ಅದು ಬಾಯಿ ಬಿಡೂದ ಇಲ್ಲ. ಇದು ಕಿವಿಗೆ ಒಂದ ಹೇಳಾಕತ್ತೈತಿ, ಕಣ್ಣಿಗೆ ಇನ್ನೊಂದ ತೋರಸಾಕತ್ತೈತಿ.”

ಹಾಗಾದರೆ ಯಾವುದು ನಿಜ ಎಂದು ಡಾಕ್ಟರು ಕೇಳಿದರು. ಬಿಚ್ಚಿ ನೋಡದೆ ಹೇಳಲಾಗದು ಎಂದಳು ಇಂದುಮತಿ. ಇಬ್ಬರ ಕಣ್ಣೂ ಡಬ್ಬದ ಹಿಂದಿನ ಬೆಳ್ಳಿ ಮುದ್ರೆಯ ಮೇಲೆ ಹೋದವು. ಇಂದುಮತಿ ಗಂಡನ ತೋಳು ಹಿಡಿದು ಆಟೋ ಹತ್ತಿಸಿದಳು.

ಮನೆಯಲ್ಲಿ ಮೌನೇಶ ಗೋಡೆಗೆ ದಿಂಬು ಒರಗಿಸಿಕೊಂಡು ಕೂತ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಾದದ ಮೇಲೆ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ದಿನಕ್ಕೆ ಮೂರು ಲೋಟ ನೀರು ಎಂಬ ಲೆಕ್ಕವನ್ನು ಅವಳು ಅಂದು ಒಂದೂವರೆಗೆ ಇಳಿಸಿದಳು. ಅವನು ತಕರಾರು ಮಾಡದೆ ಒಂದು ತುಂಡು ಮಂಜುಗಡ್ಡೆಯನ್ನು ಬಾಯಲ್ಲಿಟ್ಟುಕೊಂಡು, ಅವಳು ಅಟ್ಟದಿಂದ ಹಳೆಯ ತಗಡಿನ ಪೆಟ್ಟಿಗೆ ಇಳಿಸುವುದನ್ನು ನೋಡುತ್ತಿದ್ದ. ಸ್ಕ್ರೂಡ್ರೈವರುಗಳು, ಮಲ್ಟಿಮೀಟರು, ಒಂದು ಬ್ರಷ್ಷು ಹೊರಗೆ ಬಂದವು. ಮೀಟರಿನ ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ಅವಳು ಅದನ್ನು ಉಜ್ಜತೊಡಗಿದಳು.

“ನನ್ನ ಸಲುವಾಗಿ ನೀ ಜೈಲಿಗೆ ಹೋಗೂದು ಬ್ಯಾಡ,” ಎಂದ ಮೌನೇಶ. “ಒಂಬತ್ತು ದಿವಸ ಹೆಂಗರ ತಡಕೊಂತೀನಿ.”

ತಡೆದುಕೊಳ್ಳಲಾಗದು ಎಂಬುದು ಇಬ್ಬರಿಗೂ ಗೊತ್ತಿತ್ತು. ಇಂದುಮತಿ ಮೀಟರಿನಿಂದ ಕಣ್ಣೆತ್ತದೆ ಹೇಳಿದಳು: “ನಿಮ್ಮ ಸಲುವಾಗಿ ಅಷ್ಟ ಅಂತ ತಿಳಕೋಬ್ಯಾಡ್ರಿ. ಒಂಬತ್ತು ವರ್ಷ ಆ ಪರದೆ ಹೇಳಿದ್ದನ್ನ ನಂಬೀನಿ. ಅಂಗಡಿಗೆ ಬಂದ ಮಂದಿಗೆಲ್ಲಾ, ಸತ್ತೈತ್ರಿ, ಒಯ್ದು ಒಪ್ಪಸ್ರಿ ಅಂತ ನನ್ನ ಬಾಯಿಲೆ ಹೇಳೀನಿ. ಒಮ್ಮೆರ ಕಿವಿಗೊಟ್ಟು ಕೇಳಲಿಲ್ಲ. ಅದು ಸುಳ್ಳಾಗಿದ್ರ ನನಗ ಗೊತ್ತಾಗಬೇಕು.”

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವಳು ಪೆಟ್ಟಿಗೆಯೊಂದಿಗೆ ಕೇಂದ್ರಕ್ಕೆ ಬಂದಳು. ಡಾಕ್ಟರು ಆಗಲೇ ಬಂದಿದ್ದರು. ರಾತ್ರಿ ನಿದ್ದೆ ಮಾಡಿದವರಂತೆ ಕಾಣಲಿಲ್ಲ. ಇಂದುಮತಿ ಕೇಳುವ ಮೊದಲೇ ಅವರು ದಿನಚರಿ ಪುಸ್ತಕ ತೆರೆದು, ನನ್ನ ಒಪ್ಪಿಗೆಯಿಂದ ಮುದ್ರೆ ಒಡೆಯಲಾಗಿದೆ ಎಂದು ಬರೆದು ಸಹಿ ಹಾಕಿದರು. ಅದರ ಕೆಳಗೆ ಇಂದುಮತಿಯೂ ಪೂರ್ತಿ ಹೆಸರು ಬರೆದಳು. ನಂತರ ಸ್ಕ್ರೂಡ್ರೈವರಿನ ತುದಿಯಿಂದ ಬೆಳ್ಳಿ ಮುದ್ರೆಯನ್ನು ನಡುವೆ ಸೀಳಿದಳು.

ಡಬ್ಬದೊಳಗೆ ಬೆರಳ ದಪ್ಪ ಧೂಳಿತ್ತು. ಅದನ್ನು ಬ್ರಷ್ಷಿನಿಂದ ತೆಗೆದಳು. ವಿದ್ಯುತ್ ಒದಗಿಸುವ ಪೆಟ್ಟಿಗೆಯ ತಂತಿಗಳಿಗೆ ಮೀಟರು ಹಿಡಿದಳು. ಹನ್ನೆರಡು ವೋಲ್ಟು ಬರಬೇಕಾದಲ್ಲಿ ಹನ್ನೆರಡು, ಐದು ಬರಬೇಕಾದಲ್ಲಿ ಐದು ಬರುತ್ತಿತ್ತು. ಬೋರ್ಡಿನ ಮೇಲಿನ ಕೆಪಾಸಿಟರುಗಳನ್ನು ಒಂದೊಂದಾಗಿ ಟಾರ್ಚು ಬಿಟ್ಟು ನೋಡಿದಳು. ಒಂದೂ ಉಬ್ಬಿರಲಿಲ್ಲ. ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹಿತ್ತಾಳೆಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಗುಂಡಿ ಒತ್ತಿದಾಗ ಮತ್ತೆ ಬೀಪ್, ಮತ್ತೆ ನಲವತ್ತೊಂದು.

ಮೆಮೊರಿ ಪಟ್ಟಿಯನ್ನು ಬೇಕೆಂದೇ ತೆಗೆದಿಟ್ಟು ಒತ್ತಿದಳು. ಈಗ ಯಂತ್ರ ಮೂರು ಸಲ ಉದ್ದಕ್ಕೆ ಒದರಿತು. ಅಂದರೆ ಅದಕ್ಕೆ ತನ್ನ ನೋವು ಹೇಳಿಕೊಳ್ಳಲು ಬರುತ್ತಿತ್ತು. ಪಟ್ಟಿ ಹಾಕಿದಾಗ ಮತ್ತೆ ಒಂದೇ ಬೀಪಿಗೆ ಬಂತು. ಬೋರ್ಡಿನ ಗಡಿಯಾರಕ್ಕಿದ್ದ ಗುಂಡನೆಯ ಬ್ಯಾಟರಿ ಮಾತ್ರ ಇಳಿದಿತ್ತು. ಅಂಗಡಿಯಿಂದ ತಂದದ್ದನ್ನು ಹಾಕಿ ದಿನಾಂಕ ಸರಿಮಾಡಿದಳು. ನಲವತ್ತೊಂದು ಹೋಗಲಿಲ್ಲ.

ಹನ್ನೊಂದರ ಹೊತ್ತಿಗೆ ಅವಳ ಸೊಂಟ ಹಿಡಿದುಕೊಂಡಿತು. ಡಬ್ಬವನ್ನು ತಿರುಗಿಸುವಾಗ ಹಿಂದಿದ್ದ ನೀಲಿ ನೆಟ್‌ವರ್ಕ್ ಕೇಬಲ್ಲು ಅಡ್ಡ ಬಂತೆಂದು ಕಿತ್ತಿಟ್ಟಳು. ಗುಂಡಿ ಒತ್ತಿದಳು. ಬೀಪ್ ಬಂತು. ಪರದೆ ಬಹಳ ಹೊತ್ತು ಕಪ್ಪಾಗಿದ್ದು, ಆಮೇಲೆ ಬೇರೆಯೇ ಸಾಲು ಬರೆಯಿತು: ‘ಭಾಗಗಳ ಪರೀಕ್ಷೆ: ಎಲ್ಲ ಸರಿ. ಅನುಮತಿ ಕೇಂದ್ರ ಸಿಗುತ್ತಿಲ್ಲ. ಹಿಂದಿನ ಅನುಮತಿಯ ಮೂರು ದಿನದ ಅವಧಿ ಮುಗಿದಿದೆ.’ ಅದರ ಕೆಳಗೆ ನಾಲ್ಕು ವರ್ಷ ಹಿಂದಿನ ಒಂದು ದಿನಾಂಕ.

ಇಂದುಮತಿ ಕೇಬಲ್ಲು ಸಿಕ್ಕಿಸಿ ನೋಡಿದಳು. ಮದರ್‌ಬೋರ್ಡ್ ಕೆಟ್ಟಿದೆ. ಕಿತ್ತು ನೋಡಿದಳು. ಎಲ್ಲ ಸರಿ. ಮೂರನೆಯ ಸಲಕ್ಕೆ ಡಾಕ್ಟರನ್ನು ಕರೆದು ಅವರ ಕೈಯಿಂದಲೇ ಕೀಳಿಸಿದಳು. ಕೆಟ್ಟ ಬೋರ್ಡು ಕೇಬಲ್ಲು ಕಿತ್ತ ಕೂಡಲೇ ಹೇಗೆ ಗುಣವಾದೀತು? ದೋಷ ಡಬ್ಬದಲ್ಲಿ ಇರಲಿಲ್ಲ. ಅದು ಕೇಬಲ್ಲಿನೊಳಗಿಂದ, ಹುಬ್ಬಳ್ಳಿಯಿಂದ ಬರುತ್ತಿತ್ತು.

ಇಂದುಮತಿ ಸ್ಟೂಲಿನ ಮೇಲೆ ಕೂತಳು. ಒಂಬತ್ತು ವರ್ಷದಲ್ಲಿ ತನ್ನ ಅಂಗಡಿಯ ಮುಂದಿನಿಂದ ಹೆಣದಂತೆ ಹೊತ್ತು ಸಾಗಿಸಿದ ಡಬ್ಬಗಳೆಲ್ಲ ನೆನಪಾದವು. ಒಬ್ಬ ಟೈಪಿಂಗ್ ಹೆಂಗಸು ತನ್ನದನ್ನು ಒಪ್ಪಿಸುವ ಮೊದಲು ಅದಕ್ಕೆ ಕುಂಕುಮ ಹಚ್ಚಿದ್ದಳು. ಇಂದುಮತಿಗೆ ಅಳು ಬರಲಿಲ್ಲ, ಕಿವಿ ಬಿಸಿಯಾದವು.

ಮುಂದಿನದು ಅವಳಿಗೆ ಸುಲಭವಾಗಿ ಹೊಳೆಯಿತು. ನೆಟ್‌ವರ್ಕ್ ಇಲ್ಲದಾಗ ಯಂತ್ರ ಹಳೆಯ ಅನುಮತಿಯನ್ನು ಮೂರು ದಿನ ನಂಬುತ್ತದೆ. ದಿನ ಎಷ್ಟಾಯಿತೆಂದು ಅದು ತನ್ನ ಗಡಿಯಾರವನ್ನೇ ಕೇಳಬೇಕು. ಅವಳು ಕೇಬಲ್ಲನ್ನು ಕಿತ್ತಿಟ್ಟು, ಗಡಿಯಾರವನ್ನು ನಾಲ್ಕು ವರ್ಷ ಹಿಂದಕ್ಕೆ, ಆ ಅನುಮತಿ ಸಿಕ್ಕ ಮರುದಿನಕ್ಕೆ ತಿರುಗಿಸಿದಳು. ಪರದೆ ಹಸಿರಾಯಿತು. ಆಚೆ ಗೋಡೆಯ ಹಿಂದೆ ಪಂಪು ಗುಡುಗಿತು.

ದಿನಾಂಕ ತಪ್ಪಾದರೆ ರೋಗಿಗಳ ಚಿಕಿತ್ಸೆಗೆ ತೊಂದರೆಯೇ ಎಂಬ ಡಾಕ್ಟರ ಪ್ರಶ್ನೆಗೆ ಇಂದುಮತಿ ಸುಳ್ಳು ಧೈರ್ಯ ಹೇಳಲಿಲ್ಲ. ನೀರು ಅಳೆಯುವುದಕ್ಕೆ ತಾರೀಖು ಬೇಕಿಲ್ಲ, ಆದರೆ ತನ್ನ ಮಾತನ್ನಷ್ಟೇ ನಂಬುವುದು ಬೇಡ ಎಂದಳು. ಡಾಕ್ಟರು ಸೋಸಿದ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಕೈಯಿಂದಲೇ ಮೂರು ಸಲ ಪರೀಕ್ಷಿಸಿದರು. ನಿಜವಾದ ತಾರೀಖನ್ನು ಪುಸ್ತಕದಲ್ಲಿ ಪೆನ್ನಿನಿಂದ ಬರೆದರು. ಮಧ್ಯಾಹ್ನ ಎರಡಕ್ಕೆ ಮೌನೇಶ ಮೂರನೆಯ ಕುರ್ಚಿಯಲ್ಲಿದ್ದ. ಸಂಜೆ ಇಳಿದಾಗ ಎರಡೂವರೆ ಕಿಲೋ ನೀರು ಅವನ ಮೈಯಿಂದ ಹೋಗಿತ್ತು. ಮನೆಗೆ ಬಂದು ಚಾಪೆಯ ಮೇಲೆ ಉದ್ದಕ್ಕೆ ಮಲಗಿದ.

ಇಂದುಮತಿ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಸುಮ್ಮನಿರಲಿಲ್ಲ. ಬುಧವಾರ ಪ್ರಾಧಿಕಾರಕ್ಕೆ ಎರಡು ಪುಟದ ಕಾಗದ ಬರೆದು, ತಾನು ಏನೇನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ, ಪರದೆ ಯಾವಾಗ ಏನು ಹೇಳಿತು ಎಂದೆಲ್ಲ ವಿವರಿಸಿ ಸಹಿ ಹಾಕಿದಳು. ಅದರ ಒಂದು ನಕಲನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದಳು.

ಶನಿವಾರ ಹುಬ್ಬಳ್ಳಿಗೆ ಬರಲು ಕರೆ ಬಂತು. ಅನುಮತಿ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಒಂದಿಡೀ ಗೋಡೆ ನಕ್ಷೆಯಾಗಿತ್ತು. ಅದರ ತುಂಬ ಹಸಿರು ಚುಕ್ಕೆಗಳಿದ್ದವು, ನಲವತ್ತೊಂದು ಬಂದ ಯಂತ್ರಗಳಿದ್ದಲ್ಲಿ ಕೆಂಪು. ಮುಖ್ಯಾಧಿಕಾರಿ ಜಯತೀರ್ಥ ಹುಯಿಲಗೋಳ ಎದ್ದು ನಿಂತು ಕುರ್ಚಿ ತೋರಿಸಿದರು, ಚಹಾ ತರಿಸಿದರು. ಕತ್ತಲೆಯ ಆ ಮೂರು ದಿನ ತಾನು ವಿದ್ಯುತ್ ಜಾಲದ ಎಂಜಿನಿಯರಾಗಿದ್ದೆ, ಲಿಫ್ಟಿನಲ್ಲಿ ಸಿಕ್ಕವರ ಕೂಗು ಇಂದಿಗೂ ಕೇಳುತ್ತದೆ ಎಂದು ಹೇಳಿದರು. ಶತ್ರುಗಳು ನುಗ್ಗಿದ್ದು ಹಳೆಯ ಯಂತ್ರಗಳ ಮೂಲಕ. ಆದ್ದರಿಂದ ಹನ್ನೆರಡು ವರ್ಷ ಮೀರಿದ ಯಂತ್ರಕ್ಕೆ ಅನುಮತಿ ಇಲ್ಲ. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಇಂದುಮತಿ ಪೂರ್ತಿ ಕೇಳಿ, ಹಾಗಾದರೆ ವಯಸ್ಸಾಯಿತು ಎಂದೇ ಬರೆಯಬಹುದಿತ್ತಲ್ಲ, ಬೋರ್ಡ್ ಕೆಟ್ಟಿದೆ ಎಂದೇಕೆ ಬರೆಯುತ್ತೀರಿ ಎಂದಳು.

ಜಯತೀರ್ಥ ಚಹಾದ ಕಪ್ಪನ್ನು ತಿರುಗಿಸಿದರು. “ವಯಸ್ಸಾತು ಅಂದ್ರ ಮಂದಿ ಜಗಳಕ್ಕ ಬರ್ತಾರ್ರಿ ಬಾಯಾರ. ಸತ್ತದ ಅಂದ್ರ ಸುಮ್ಮನ ಮನೀಗೆ ಹೋಗ್ತಾರ.”

ನಂತರ ಅವರು ಒಂದು ಕಾಗದ ಮುಂದಿಟ್ಟರು. ತನ್ನ ಪರೀಕ್ಷೆ ತಪ್ಪಾಗಿತ್ತು, ಯಂತ್ರದಲ್ಲಿ ನಿಜಕ್ಕೂ ದೋಷವಿತ್ತು ಎಂದು ಸಹಿ ಮಾಡಿದರೆ ಮೊಕದ್ದಮೆ ಇರುವುದಿಲ್ಲ. ನಾಳೆಯೇ ಡಯಾಲಿಸಿಸ್ ಕೇಂದ್ರಕ್ಕೆ ಹೊಚ್ಚಹೊಸ ಕಂಪ್ಯೂಟರು ಬರುತ್ತದೆ. ಇಂದುಮತಿಗೆ ಗಂಡನ ಪಾದದ ಗುಳಿ ಕಣ್ಣಿಗೆ ಬಂತು. ಪೆನ್ನು ಕೈಗೆ ತೆಗೆದುಕೊಂಡಳು ಕೂಡ. ನಕ್ಷೆಯಲ್ಲಿ ಗದಗದ ಸುತ್ತ ಇದ್ದ ಕೆಂಪು ಚುಕ್ಕೆಗಳನ್ನು ತೋರಿಸಿ, ಇವರಿಗೆಲ್ಲ ಏನು ಹೇಳುತ್ತೀರಿ ಎಂದು ಕೇಳಿದಳು. ಅವರಿಗೆ ಹೇಳುವಂಥದ್ದೇನಿಲ್ಲ ಎಂದರು ಜಯತೀರ್ಥ. ಅವಳು ಪೆನ್ನನ್ನು ಕಾಗದದ ಮೇಲಿಟ್ಟು ಎರಡನ್ನೂ ಅವರ ಕಡೆಗೆ ಸರಿಸಿದಳು.

ಬಸ್ಸಿನಲ್ಲಿ ವಾಪಸಾಗುವಾಗ, ಇಪ್ಪತ್ತನಾಲ್ಕು ಜನರ ಜೀವದ ಮೇಲೆ ತಾನೊಬ್ಬಳೇ ಕೂತು ತೀರ್ಮಾನ ಮಾಡಿದೆನೇ ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ. ನೇರ ಕೇಂದ್ರಕ್ಕೆ ಹೋಗಿ, ಕುರ್ಚಿಗಳಲ್ಲಿ ಕೂತಿದ್ದವರ ಮುಂದೆಯೇ ಎಲ್ಲವನ್ನೂ ಹೇಳಿದಳು. ಯಾರೂ ಅವಳನ್ನು ಹೊಗಳಲಿಲ್ಲ. ಒಬ್ಬ ಮುದುಕಿ, ಆ ಹೊಸ ಯಂತ್ರವೂ ಹನ್ನೆರಡು ವರ್ಷಕ್ಕೆ ಹೀಗೇ ಸಾಯುತ್ತದಲ್ಲವೇ ಎಂದು ಮಾತ್ರ ಕೇಳಿದಳು. ಸೋಮವಾರ ಯಂತ್ರ ಜಪ್ತಿ ಮಾಡಲು ಪ್ರಾಧಿಕಾರದ ಇಬ್ಬರು ಬಂದಾಗ ಡಾಕ್ಟರು ನದಾಫ್ ಬಾಗಿಲಲ್ಲಿ ನಿಂತು, ನಾಳೆ ಈ ಇಪ್ಪತ್ತನಾಲ್ಕು ಜನರ ಹೊಣೆ ಯಾರದೆಂದು ಹೆಸರು ಬರೆದು ಸಹಿ ಮಾಡಿ ಒಯ್ಯಿರಿ ಎಂದರು. ಇಬ್ಬರೂ ಸಹಿ ಮಾಡದೆ ಹೊರಟುಹೋದರು. ಬದಲಿ ಯಂತ್ರ ಬರಲಿಲ್ಲ, ಹಳೆಯದೇ ನಡೆಯಿತು. ವಾರದೊಳಗೆ, ಮುದ್ರೆ ಸೀಳಿದವಳೆಂದು ಇಂದುಮತಿಗೆ ಕೋರ್ಟಿನ ಸಮನ್ಸು ಬಂತು.

ಎರಡು ತಿಂಗಳ ಮೇಲೆ ಗದಗದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಇಂದುಮತಿ ವಕೀಲರನ್ನಿಟ್ಟಿರಲಿಲ್ಲ. ಮುದ್ರೆ ಒಡೆದದ್ದು ನಿಜವೇ ಎಂದು ಕೇಳಿದಾಗ ನಿಜ ಎಂದಳು. ಯಂತ್ರದಲ್ಲಿ ದೋಷವಿರಲಿಲ್ಲ ಎಂಬುದಕ್ಕೆ ಅವಳ ಮತ್ತು ಅವಳಿಗೆ ಒಪ್ಪಿಗೆ ಕೊಟ್ಟ ಡಾಕ್ಟರ ಹೇಳಿಕೆ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ, ಆ ಯಂತ್ರವನ್ನು ಅವಳೇ ಬಿಚ್ಚಿ ತಿದ್ದಿದ್ದಾಳೆ ಎಂದು ಪ್ರಾಧಿಕಾರದ ವಕೀಲರು ವಾದಿಸಿದರು. ಅದು ಸರಿಯಾದ ಮಾತೇ ಆಗಿತ್ತು. ನ್ಯಾಯಾಧೀಶರು ಅವಳ ಕಡೆ ನೋಡಿದರು.

ಇಂದುಮತಿ, ಪೀಠದ ಕೆಳಗೆ ಕಡತ ನೋಡಿಕೊಳ್ಳುತ್ತಿದ್ದ ಶಿರಸ್ತೇದಾರರ ಮೇಜಿನ ಮೇಲಿದ್ದ ಕಂಪ್ಯೂಟರು ಎಷ್ಟು ವರ್ಷದ್ದು ಎಂದು ಕೇಳಿದಳು. ಹದಿನಾಲ್ಕು ಎಂದರು ಅವರು. ಕೊನೆಯ ಸಲ ಆರಿಸಿದ್ದು ಯಾವಾಗ? ಐದು ವರ್ಷದ ಹಿಂದೆ, ಗೋಡೆಗೆ ಸುಣ್ಣ ಹೊಡೆಯುವಾಗ.

“ಅದನ್ನ ಆರಸ್ರಿ,” ಎಂದಳು ಇಂದುಮತಿ. “ಅದರ ಸೀಲ್ ಒಡದಿಲ್ಲ. ನಾ ಅದನ್ನ ಮುಟ್ಟೇ ಇಲ್ಲ.”

ಕೋಣೆಯಲ್ಲಿ ಗಜಿಬಿಜಿ ಎದ್ದಿತು. ಶಿರಸ್ತೇದಾರರು ಎರಡು ಕೈಯಿಂದ ಡಬ್ಬವನ್ನು ತಬ್ಬಿಕೊಳ್ಳುವವರಂತೆ ಮುಂದೆ ಬಾಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಜಯತೀರ್ಥ ತಮ್ಮ ವಕೀಲರ ಕಿವಿಯಲ್ಲಿ ಏನೋ ಹೇಳಿದರು, ವಕೀಲರು ಎದ್ದು ಆಕ್ಷೇಪಿಸಿದರು. ನ್ಯಾಯಾಧೀಶರು ದಾಖಲೆಗಳ ನಕಲು ಬೇರೆ ಕಡೆ ಇದೆಯೇ ಎಂದು ಖಚಿತ ಮಾಡಿಕೊಂಡು, ಆರಿಸಲು ಹೇಳಿದರು.

ಆರಿಸಿ ಮತ್ತೆ ಹಚ್ಚಿದಾಗ ಒಂದು ಬೀಪ್ ಎಲ್ಲರಿಗೂ ಕೇಳಿಸಿತು. ದೋಷ ನಲವತ್ತೊಂದು, ಮದರ್‌ಬೋರ್ಡ್ ಕೆಟ್ಟಿದೆ. ಶಿರಸ್ತೇದಾರರ ಮುಖ ಬಾಡಿತು. ಇಂದುಮತಿ ಇದ್ದಲ್ಲಿಂದಲೇ ಹೇಳಿದಂತೆ ಪೇದೆಯೊಬ್ಬ ಹಿಂದಿನ ನೀಲಿ ಕೇಬಲ್ಲು ಕಿತ್ತು ಮತ್ತೆ ಗುಂಡಿ ಒತ್ತಿದ. ಭಾಗಗಳ ಪರೀಕ್ಷೆ: ಎಲ್ಲ ಸರಿ. ನ್ಯಾಯಾಧೀಶರು ಪೀಠದಿಂದ ಇಳಿದು ಬಂದು, ಕನ್ನಡಕ ಏರಿಸಿ ಅದನ್ನು ತಾವೇ ಓದಿದರು. ಕೇಬಲ್ಲು ಮತ್ತೆ ಹಾಕಿಸಿದರು. ನಂತರ ಜಯತೀರ್ಥರತ್ತ ತಿರುಗಿದರು.

“ನನ್ನ ಕೋರ್ಟಿನ ಯಂತ್ರ ನಿಜವಾಗಿ ಸತ್ತಿದ್ದರೆ ನೀವು ಏನೂ ಮಾಡಲಾರಿರಿ. ಸತ್ತಿಲ್ಲದಿದ್ದರೆ ಒಂದು ಫೋನು ಸಾಕು. ಮಾಡಿ.”

ಜಯತೀರ್ಥ ಎದ್ದು ಹುಬ್ಬಳ್ಳಿಗೆ ಫೋನು ಹಚ್ಚಿ, ತಗ್ಗಿದ ದನಿಯಲ್ಲಿ ಯಂತ್ರದ ಸಂಖ್ಯೆ ಓದಿದರು. ಯಾರೂ ಡಬ್ಬವನ್ನು ಮುಟ್ಟಲಿಲ್ಲ. ಅರ್ಧ ನಿಮಿಷದಲ್ಲಿ ಪರದೆ ಹಸಿರಾಯಿತು.

ತೀರ್ಪು ಅಂದೇ ಬಂತು. ಬದುಕಿರುವ ಯಂತ್ರವನ್ನು ಸತ್ತಿದೆ ಎಂದು ಹೇಳುವ ಅಧಿಕಾರವನ್ನು ಯಾವ ಕಾಯ್ದೆಯೂ ಕೊಟ್ಟಿಲ್ಲ, ಪರೀಕ್ಷೆಗಾಗಿ ಆರಿಸಿದ ಕೋರ್ಟಿನ ಯಂತ್ರದಲ್ಲಿ ಕಂಡದ್ದನ್ನು ಉಚ್ಚ ನ್ಯಾಯಾಲಯದ ಗಮನಕ್ಕೆ ಕಳಿಸಲಾಗುವುದು ಎಂದು ನ್ಯಾಯಾಧೀಶರು ಬರೆಸಿದರು. ಆದರೆ ಮುದ್ರೆ ಒಡೆದ ಅಪರಾಧ ಸಾಬೀತಾಗಿತ್ತು. ಪಶ್ಚಾತ್ತಾಪವಿದೆಯೇ ಎಂದು ಕೇಳಿದರು. ಇಲ್ಲ ಎಂದಳು ಇಂದುಮತಿ. ಮುಂದೆಯೂ ಒಡೆಯುತ್ತೀರಾ ಎಂದರೆ ಹೌದು ಎಂದಳು. ನ್ಯಾಯಾಧೀಶರು ನಗಲಿಲ್ಲ. ಅಂದು ನ್ಯಾಯಾಲಯ ಏಳುವವರೆಗೆ ಸಾದಾ ಸಜೆ ವಿಧಿಸಿದರು.

ಅವಳು ಹಿಂದಿನ ಬೆಂಚಿನಲ್ಲಿ, ಪೇದೆಯ ಪಕ್ಕದಲ್ಲಿ, ಐದು ಗಂಟೆಯವರೆಗೆ ಕೂತಳು. ಬೇರೆ ಬೇರೆ ಮೊಕದ್ದಮೆಗಳು ಬಂದು ಹೋದವು. ಬಾಗಿಲಾಚೆ ಜನ ಇಣುಕಿ ನೋಡಿ ಹೋಗುತ್ತಿದ್ದರು. ಕೋರ್ಟು ಎದ್ದಾಗ ಅವಳೂ ಮೊಣಕಾಲು ಹಿಡಿದುಕೊಂಡು ಎದ್ದಳು. ಮೆಟ್ಟಿಲ ಹತ್ತಿರ ಶಿರಸ್ತೇದಾರರು ಕಾದಿದ್ದರು. ತಮ್ಮ ತಂಗಿಯ ಹೊಲಿಗೆ ಶಾಲೆಯಲ್ಲೊಂದು ಯಂತ್ರವಿದೆ, ಹೋದ ವರ್ಷ ನಲವತ್ತೊಂದು ಬಂತು, ಪುಣ್ಯಕ್ಕೆ ಇನ್ನೂ ಒಪ್ಪಿಸಿಲ್ಲ ಎಂದರು. ನಾಳೆ ಒಂಬತ್ತಕ್ಕೆ ಅಂಗಡಿಗೆ ತರಲು ಅವಳು ಹೇಳಿದಳು. ಅವರು ಸುತ್ತ ನೋಡಿ ದನಿ ತಗ್ಗಿಸಿದರು. ಅದರ ಮೇಲೆ ಸೀಲ್ ಇದೆಯಲ್ಲ ಎಂದರು.

“ಇರಲಿ. ಎಲ್ಲಾರ ಎದುರಿಗೆ ನಾನ ಒಡೀತೀನಿ,” ಎಂದಳು ಇಂದುಮತಿ. “ಯಾರರ ಕೇಳಿದ್ರ ನನ್ನ ಹೆಸರು ಬರಸ್ರಿ.”